ಬಾಗಿಲ ಸಂದಿಯಲ್ಲಿ ಎರಡು ಬೆರಳು

ನಮ್ಮೂರ ನರ್ಸಬಾಯಿಯ ಎಡಗೈಯ ನಡುವಿನ ಎರಡು ಬೆರಳು ನೆಟ್ಟಗಿರಲಿಲ್ಲ. ಗೆಣ್ಣಿನಿಂದ ಅಡ್ಡಕ್ಕೆ ಹೊರಳಿ ಒಂದರ ಮೇಲೊಂದು ಏರಿಕೊಂಡಿದ್ದವು. ಒಂದಕ್ಕೆ ಉಗುರೇ ಇರಲಿಲ್ಲ, ಇನ್ನೊಂದರ ಉಗುರು ಕಪ್ಪಗೆ ದಪ್ಪಗೆ ಬೆಳೆದಿತ್ತು. ಬಸುರಿಯರ ತೋಳಿಗೆ ಬಿ.ಪಿ. ಪಟ್ಟಿ ಸುತ್ತುವಾಗ ಆ ಎರಡು ಬೆರಳು ಕೆಲಸಕ್ಕೆ ಬಾರದೆ ಮೇಲೆದ್ದು ನಿಲ್ಲುತ್ತಿದ್ದವು. ಅವನ್ನು ಮುರಿದವಳು ನನ್ನ ಅವ್ವ. ನಮ್ಮ ಮನೆಯ ಬಾಣಂತಿ ಕೋಣೆಯ ಬಾಗಿಲಲ್ಲಿ ಸಿಕ್ಕಿಸಿ, ಮೈಯ ಬಲವನ್ನೆಲ್ಲ ಹಾಕಿ ಒತ್ತಿ ಮುರಿದಳು. ಒಳಗೆ ಮಲಗಿದ್ದ ಬಾಣಂತಿ ನಾನು.

ಈಗ ನಾನು ಬೈಲಹೊಂಗಲದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಗಿರಣಿಯ ಸಪ್ಪಳದ ಮೇಲೆ ಒದರಿ ಒದರಿ ನನ್ನ ದನಿ ದೊಡ್ಡದಾಗಿದೆ ಎಂದು ಗಿರಾಕಿಗಳು ತಿಳಿದಿದ್ದಾರೆ. ಸುಳ್ಳು. ಈ ದನಿ ನನಗೆ ನರ್ಸಬಾಯಿಯಿಂದ ಬಂದದ್ದು. ನನ್ನ ತವರು ರಾಮದುರ್ಗ ತಾಲ್ಲೂಕಿನಲ್ಲಿ, ಸುರೇಬಾನದ ಆಚೆ ಒಂದು ಊರು. ಅಲ್ಲಿನ ಆರೋಗ್ಯ ಉಪಕೇಂದ್ರದಲ್ಲಿ ಅವರು ಬಹಳ ವರ್ಷ ಇದ್ದರು. ಅವರು ಮೇಲಿನ ಓಣಿಯಲ್ಲಿ ಬೈಯಲು ಸುರು ಮಾಡಿದರೆ ಕೆಳಗಿನ ಓಣಿಯ ಬಸುರಿಯರು ಕಬ್ಬಿಣದ ಗುಳಿಗೆ ಹುಡುಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಸಿಹಿ ಮಾತು ಅವರ ಬಾಯಲ್ಲಿ ನಾನಂತೂ ಕೇಳಿಲ್ಲ. ಕಣ್ಣಿನ ಕೆಳಗಿನ ತೊಗಲು ಎಳೆದು ನೋಡಿ, "ಸುಣ್ಣಾ ಬಳದಾಂಗ ಬಿಳೇ ಆಗೇತಿ ನೋಡ. ಗುಳಿಗಿ ನೀನ ನುಂಗತಿಯೋ, ನಾ ಗಂಟಲದಾಗ ಗುದ್ದಲ್ಯೋ?" ಎನ್ನುತ್ತಿದ್ದರು. ಅಷ್ಟಂದು ಅದೇ ಹುಡುಗಿಯ ತಲೆ ಸವರುತ್ತಿದ್ದರು. ಸವರಿದ್ದು ಯಾರಾದರೂ ನೋಡಿದರೆ ಅವರಿಗೂ ಒಂದಿಷ್ಟು ಬೈಗುಳ.

ಒಂದು ಸಲ ಒಬ್ಬ ಬಸುರಿಯ ಕುಪ್ಪಸದ ತೋಳು ಮೇಲೇರಿಸಿದಾಗ ಬಾಸುಂಡೆ ಕಂಡವು. ಹೊಟ್ಟೆಯ ಮೇಲೂ ಇದ್ದವು. ಗಂಡ ಕುಡಿದು ಒದ್ದಿದ್ದ. ನರ್ಸಬಾಯಿ ನೆಟ್ಟಗೆ ಬಸ್‌ಸ್ಟ್ಯಾಂಡಿನ ಕಟ್ಟೆಗೆ ಹೋಗಿ, ಅಲ್ಲಿ ಬೀಡಿ ಸೇದುತ್ತ ಕುಳಿತವನ ಮೋರೆಗೆ ಚಪ್ಪಲಿ ತೆಗೆದು ಬಾರಿಸಿದರು. ಆತ ಗಟಾರಿಗೆ ಬಿದ್ದ. ಎದ್ದವನೇ ಕಲ್ಲು ಎತ್ತಿ ಒಗೆದ, ಅವರ ಹೆಗಲಿಗೆ ಬಡಿದು ರಕ್ತ ಬಂತು. ರಕ್ತದ ಸೀರೆಯಲ್ಲೇ ಪೊಲೀಸರನ್ನು ಕರೆಸಿ, ಜೀಪಿಗೆ ಆತನನ್ನು ಹತ್ತಿಸಿ, ಆಮೇಲೆ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ದರು. ಕೂಸು ಉಳಿಯಲಿಲ್ಲ. ತಾಯಿ ಉಳಿದಳು. ಆವತ್ತು ಸಂಜೆ ಉಪಕೇಂದ್ರದ ಹಿಂದೆ ನಿಂತು ನರ್ಸಬಾಯಿ ಅತ್ತರಂತೆ. ಮರುದಿನ ನಮ್ಮವ್ವ ಆ ಮಾತು ಎತ್ತಿದ್ದಕ್ಕೆ ಸರಿಯಾಗಿ ಉಗಿಸಿಕೊಂಡಳು.

ಅವರಿಗೆ ಎಲ್ಲಕ್ಕಿಂತ ಸಿಟ್ಟು ಬರುತ್ತಿದ್ದದ್ದು ನೀರಿನ ವಿಷಯಕ್ಕೆ. ನಮ್ಮ ಕಡೆ ಬಾಣಂತಿಗೆ ನೀರು ಕೊಡುವುದಿಲ್ಲ. ನೀರು ಕುಡಿದರೆ ನಂಜಾಗುತ್ತದೆ, ಹೊಟ್ಟೆ ಬರುತ್ತದೆ ಎಂಬ ಹೆದರಿಕೆ. ಅಜವಾನ ಕುದಿಸಿದ ನೀರು ಒಂದು ಸಣ್ಣ ವಾಟಗ, ಮುಗಿಯಿತು. ಒಮ್ಮೆ ಬ್ಯಾಸಿಗೆಯಲ್ಲಿ ನರ್ಸಬಾಯಿ ಅಂಗನವಾಡಿಗೆ ಊರ ಅತ್ತೆಯಂದಿರನ್ನೆಲ್ಲ ಕರೆಸಿದರು. ಕಟಕಟಿ ಜೋಳದ ರೊಟ್ಟಿ, ಬೆಂಕಿಯಂಥ ಕೆಂಪು ಚಟ್ನಿ. ತಾವೇ ಬಡಿಸಿ, ಬ್ಯಾಡ ಅಂದವರಿಗೂ ತಿನ್ನಿಸಿದರು. ಆಮೇಲೆ ನೀರಿನ ಹರವಿಯ ಮುಂದೆ ಕಾಲು ಚಾಚಿ ಕುಳಿತುಬಿಟ್ಟರು.

"ನೀರ ಕೊಡ್ರಿ ಬಾಯಾರ, ಗಂಟಲಾ ಸುಡಾಕತ್ತೇತಿ."

"ನೀರ ಕುಡದ್ರ ನಂಜ ಆಗತೈತಿ ಯವ್ವಾ. ಕುಂದರ್ರಿ ಸುಮ್ನ."

ಒಬ್ಬಾಕೆ ಮುದುಕಿ ಕೈ ಮಾಡಲು ಬಂದಳು. ನರ್ಸಬಾಯಿ ಆಕೆಯ ರಟ್ಟೆ ಹಿಡಿದು ಕೂರಿಸಿದರು. "ಒಂದ ತಾಸಿಗೆ ಹಿಂಗ ಒದರತೀರಿ. ಮೈಯಾಗಿನ ರಕ್ತಾ ಎಲ್ಲಾ ಹೋದ ಹುಡುಗಿ, ಕೂಸಿಗೆ ಹಾಲ ಕುಡಸೂ ಹುಡುಗಿ, ಆಕಿ ಹೆಂಗ ಇರಬೇಕು?" ಎಂದರು. ಆಮೇಲೆ ಹರವಿಯ ಮುಂದಿನಿಂದ ಎದ್ದರು. ಅತ್ತೆಯಂದಿರು ಒಬ್ಬರನ್ನೊಬ್ಬರು ನೂಕಿಕೊಂಡು ನೀರಿಗೆ ಬಿದ್ದರಂತೆ. ಅವರಲ್ಲಿ ಕೆಲವರು ಮನೆಗೆ ಹೋಗಿ ಸೊಸೆಯರಿಗೆ ನೀರು ಕೊಟ್ಟರು, ಕೆಲವರು ಇನ್ನಷ್ಟು ಹಟಕ್ಕೆ ಬಿದ್ದರು.

ಅದಕ್ಕೇ ಅವರೊಂದು ಪದ್ಧತಿ ಇಟ್ಟುಕೊಂಡಿದ್ದರು. ಬಾಣಂತಿ ಮನೆಗೆ ಹೋದರೆ ಬಾಗಿಲಲ್ಲೇ ನಿಂತು, "ಮೊದಲ ಆಕಿಗೆ ನೀರು, ಆಮ್ಯಾಲ ನನಗ ಚಾ" ಎನ್ನುತ್ತಿದ್ದರು. ಬಾಣಂತಿ ಒಂದು ತಂಬಿಗೆ ನೀರನ್ನು ಅವರ ಕಣ್ಣೆದುರು ಕುಡಿಯಬೇಕು. ಕುಡಿಯುವ ತನಕ ಚಹಾ ಮುಟ್ಟುತ್ತಿರಲಿಲ್ಲ. ಚಹಾ ಎಂದರೆ ಜೀವ ಬಿಡುವ ಹೆಂಗಸು ಅದು.

ನನ್ನ ಚೊಚ್ಚಲ ಹೆರಿಗೆಗೆ ಸೀಮಂತದ ಕುಬಸ ಮಾಡಿ ತವರಿಗೆ ಕರೆತಂದರು. ಕಡೆಯ ತಿಂಗಳಲ್ಲಿ ಕಾಲು ಬಾತು ಬಿ.ಪಿ. ಏರಿತ್ತು. ರಾಮದುರ್ಗದ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು, ಹೆಣ್ಣು ಕೂಸು. ಮನೆಗೆ ಬಂದ ದಿನವೇ ನರ್ಸಬಾಯಿ ಬಂದರು. ಅವ್ವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ಹಡದಮ್ಯಾಲೂ ಬಿ.ಪಿ. ಏರತೈತಿ. ಗುಳಿಗಿ ಬಿಡಸಬ್ಯಾಡ. ತಲಿ ಸಿಡದ್ರ, ಕಣ್ಣ ಮಂಜಾದ್ರ ಒಂದ ಗಳಿಗಿ ತಡಾ ಮಾಡಬ್ಯಾಡ, ನನಗ ಫೋನ್ ಹಚ್ಚು. ನೀರ ಕೊಡು." ಅವ್ವ ಹೂನ್ರಿ ಹೂನ್ರಿ ಎಂದು ಗೋಣು ಹಾಕಿದಳು. ನನಗೆ ತುಂಬಿದ ತಂಬಿಗೆ ಕೊಟ್ಟಳು. ನಾನು ಗಟಗಟ ಕುಡಿದೆ. ನರ್ಸಬಾಯಿ ಚಹಾ ಕುಡಿದು ಹೋದರು.

ಅವರ ಸ್ಕೂಟಿ ಓಣಿ ತಿರುಗಿದ್ದೇ ತಡ, ಅವ್ವ ತಂಬಿಗೆ ಎತ್ತಿಟ್ಟಳು. ಉಷ್ಣದ ಗುಳಿಗೆ ಹಾಲು ಬತ್ತಿಸುತ್ತದೆಂದು ಗುಳಿಗೆಯನ್ನೂ ನನಗೆ ಎಟುಕದಂತೆ ಗೋಡೆಯ ಗೂಡಿನಲ್ಲಿಟ್ಟಳು.

ಅವ್ವನನ್ನು ರಾಕ್ಷಸಿ ಮಾಡಿ ಹೇಳಲಾರೆ. ಅವಳ ಅಕ್ಕ, ನನ್ನ ದೊಡ್ಡವ್ವ, ಬಾಣಂತಿಯಾಗಿದ್ದಾಗಲೇ ಸತ್ತವಳು. ಹೊಟ್ಟೆ ಉಬ್ಬಿ ಚೀರುತ್ತ ಸತ್ತಳಂತೆ. ಕದ್ದು ತಣ್ಣೀರು ಕುಡಿದದ್ದಕ್ಕೇ ಹಾಗಾಯಿತು ಎಂದು ಹಿರಿಯರು ಹೇಳಿದ್ದನ್ನು ಅವ್ವ ಸಣ್ಣವಳಿದ್ದಾಗ ಕೇಳಿದ್ದಳು. ನಾನು "ಯವ್ವಾ, ನೀರು" ಎಂದಾಗಲೆಲ್ಲ ಅವಳು ಅಳುತ್ತಲೇ ಬೇಡವೆನ್ನುತ್ತಿದ್ದಳು.

ಕತ್ತಲೆ ಕೋಣೆ. ಕಿವಿಗೆ ಅರಳೆ, ತಲೆಗೆ ಬಿಗಿದ ಬಟ್ಟೆ, ಹೊರಸಿನ ಕೆಳಗೆ ಸೆಗಣಿ ಕುಳ್ಳಿನ ಕೆಂಡ. ಒಂದು ವಾರ ಹೀಗೇ ಹೋಯಿತು. ಆಮೇಲೊಂದು ಬೆಳಗ್ಗೆ ತಲೆ ಸಿಡಿಯತೊಡಗಿತು. ಅವ್ವ ಬಟ್ಟೆಯನ್ನು ಇನ್ನಷ್ಟು ಬಿಗಿದಳು. ಕಣ್ಣ ಮುಂದೆ ಬೆಳಕಿನ ಚುಕ್ಕೆ ಹಾರಿದವು. ಆಮೇಲೆ ನಡೆದದ್ದರಲ್ಲಿ ನನಗೆ ನೆನಪಿರುವುದು ತುಂಡು ತುಂಡು. ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಕಣ್ಣು ಮೇಲೆ ಸಿಕ್ಕಿಕೊಂಡವಂತೆ. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ. ಫಿಟ್ಸ್ ಅದು, ಬಿ.ಪಿ. ಏರಿ ಬಂದದ್ದು. ನಮ್ಮ ಮನೆಯವರಿಗೆ ಗಾಳಿ ಬಡಿದಂತೆ ಕಂಡಿತು. ಸತ್ತ ದೊಡ್ಡವ್ವನೇ ಮೈಮೇಲೆ ಬಂದಿದ್ದಾಳೆ ಎಂದು ಅವ್ವ ಎದೆ ಬಡಿದುಕೊಂಡಳು. ಸೋದರಮಾವ ಓಡಿಹೋಗಿ ಗಾಳಿ ಬಿಡಿಸುವವನನ್ನು ಕರೆತಂದ.

ಆತ ಕೂಸನ್ನು ಹೊರಗೆ ಕಳಿಸಿ, ಕೆಂಡದ ಮೇಲೆ ಒಣ ಮೆಣಸಿನಕಾಯಿ ಸುರಿದು ಬಾಗಿಲು ಹಾಕಿಸಿದ. ಮೊದಲು ಬೇವಿನ ಟೊಂಗೆ, ಆಮೇಲೆ ಎತ್ತು ಹೊಡೆಯುವ ಬಾರಕೋಲು. ಹಡೆದು ಹಸಿಮೈಯಲ್ಲಿದ್ದ ನನ್ನ ಬೆನ್ನಿಗೆ, ತೊಡೆಗೆ, ಹಾಲು ತುಂಬಿ ಕಲ್ಲಾಗಿದ್ದ ಎದೆಗೆ ಬಾರಿಸಿದ. ಮಾವ ಕಾಲು ಹಿಡಿದಿದ್ದ. ಅವ್ವ ನನ್ನ ಕೂದಲು ಹಿಡಿದು ತಲೆ ಮೇಲೆತ್ತಿ, "ಅಕ್ಕಾ, ನಿನ್ನ ಕಾಲ ಬೀಳತೇನಿ, ನನ್ನ ಮಗಳನ್ನ ಬಿಟ್ಟ ಹೋಗ" ಎಂದು ನನ್ನ ಮುಖಕ್ಕೇ ಹೇಳುತ್ತಿದ್ದಳು. ಅವ್ವ ನನ್ನನ್ನೇ ನೋಡುತ್ತಿದ್ದಾಳೆ, ಆದರೆ ನಾನು ಅವಳಿಗೆ ಕಾಣುತ್ತಿಲ್ಲ. ಬಾರಕೋಲಿನ ಪೆಟ್ಟಿಗಿಂತ ಅದು ಹೆಚ್ಚು ನೋವಾಯಿತು. ಇವತ್ತಿಗೂ ಆಗುತ್ತದೆ.

ಪಕ್ಕದ ಮನೆಯಾಕೆ ನನ್ನ ಚೀರಾಟ ಕೇಳಿ ಫೋನ್ ಮಾಡಿದಳು. ನಡುಮಧ್ಯಾಹ್ನ ನರ್ಸಬಾಯಿ ಅಂಗಳದಲ್ಲಿ ಸ್ಕೂಟಿ ಕೆಡವಿ ಒಳಗೆ ನುಗ್ಗಿದರು.

"ಬಾಗಲಾ ತಗೀರಿ! ಹುಡುಗೀನ್ನ ಕೊಲ್ಲಾಕ ಹತ್ತೀರೇನು?"

ಚಿಲಕ ಇನ್ನೂ ಹಾಕಿರಲಿಲ್ಲ. ಅವರು ಕದ ನೂಕಿ ಎಡಗೈಯ ಬೆರಳು ಒಳಗೆ ತೂರಿಸಿದರು. ಹೊಗೆ ಹೊರಗೆ ಹೋದರೆ ಗಾಳಿ ಒಳಗೇ ನಿಲ್ಲುತ್ತದೆ, ಮುಚ್ಚು, ಎಂದು ಆ ಮನುಷ್ಯ ಅಬ್ಬರಿಸಿದ. ಅವ್ವ ನನ್ನ ಕೂದಲು ಬಿಟ್ಟು ಓಡಿಹೋಗಿ ಕದಕ್ಕೆ ಬೆನ್ನು ಕೊಟ್ಟು ಒತ್ತಿದಳು. ಎಲುಬು ಮುರಿದ ಸಪ್ಪಳ ಹೊಗೆಯಲ್ಲೂ ನನಗೆ ಕೇಳಿಸಿತು.

ಯಾರಾದರೂ ಆಗಲಿ, ಕೈ ಹಿಂದೆಳೆದುಕೊಳ್ಳುತ್ತಿದ್ದರು. ನರ್ಸಬಾಯಿ ಎಳೆದುಕೊಳ್ಳಲಿಲ್ಲ. ಎಳೆದುಕೊಂಡರೆ ಬಾಗಿಲು ಮುಚ್ಚುತ್ತದೆ, ಚಿಲಕ ಬೀಳುತ್ತದೆ. ಅವರು ಚೀರಿದರು, ಬಾಯಿಗೆ ಬಂದಂತೆ ಬೈದರು, ಬೆರಳು ಮಾತ್ರ ಅಲ್ಲೇ ಬಿಟ್ಟರು. ಸಂದಿಯಲ್ಲಿ ಸಿಕ್ಕಿ ರಕ್ತ ಸುರಿಸುತ್ತಿದ್ದ ಆ ಎರಡು ಬೆರಳನ್ನು ನಾನು ನೋಡುತ್ತ ಮಲಗಿದ್ದೆ. ಅವ್ವ ಮತ್ತೊಮ್ಮೆ ಒತ್ತಿದಳು. ಆಗಲೂ ತೆಗೆಯಲಿಲ್ಲ. ಹೆಗಲು ಕೊಟ್ಟು ನೂಕಿ ನೂಕಿ ಕಡೆಗೆ ಅವ್ವನ ಸಮೇತ ಕದ ತಳ್ಳಿ ಒಳಗೆ ಬಂದರು.

ಮೊದಲ ಏಟು ಅವ್ವನ ಕೆನ್ನೆಗೆ ಬಿತ್ತು. ಅವ್ವ ಗೋಡೆಗೆ ಹೋಗಿ ಬಿದ್ದಳು. ಎರಡನೆಯದು ಆ ಮನುಷ್ಯನಿಗೆ, ಅವನದೇ ಬಾರಕೋಲಿನಿಂದ. ಆತ ಮೋರೆ ಮುಚ್ಚಿಕೊಂಡು ಓಡಿದ. ಮಾವ ತಾನಾಗೇ ಕಾಲು ಬಿಟ್ಟ. ನರ್ಸಬಾಯಿ ಕೊಡದಲ್ಲಿದ್ದ ನೀರನ್ನು ಎತ್ತಿ ಕೆಂಡಕ್ಕೆ ಸುರಿದರು. ನನ್ನನ್ನು ಎಡಮಗ್ಗುಲಿಗೆ ಹೊರಳಿಸಿ, ಬಾಯಿಯ ರಕ್ತ ಸೆರಗಿನಿಂದ ಒರೆಸಿ, ಫಿಟ್ಸ್ ನಿಲ್ಲಿಸುವ ಸೂಜಿಯ ಮುಚ್ಚಳ ಹಲ್ಲಿನಿಂದ ಕಿತ್ತು, ಎರಡೂ ಕಡೆ ಟೊಂಕದ ಕೆಳಗೆ ಚುಚ್ಚಿದರು. ಅಷ್ಟರಲ್ಲಿ ಪಕ್ಕದ ಮನೆಯಾಕೆ 108ಕ್ಕೆ ಹೇಳಿದ್ದಳು.

ಗಾಡಿಯಲ್ಲಿ ನನ್ನ ತಲೆ ಅವರ ತೊಡೆಯ ಮೇಲಿತ್ತು. ನನ್ನ ತಲೆಗೆ ಬಿಗಿದಿದ್ದ ಬಟ್ಟೆಯನ್ನೇ ಬಿಚ್ಚಿ ಬೆರಳಿಗೆ ಸುತ್ತಿಕೊಂಡಿದ್ದರು. "ಸತ್ತಿ ಅಂದ್ರ ನೋಡ, ಎಬ್ಬಿಸಿ ಹೊಡೀತೇನಿ. ನನ್ನ ಬೆರಳ ಪುಕ್ಕಟ್ಟ ಹೋಗಬಾರದ" ಎನ್ನುತ್ತಿದ್ದರು. ಆ ದನಿ ಬಿಟ್ಟು ಹೋಗಲು ಧೈರ್ಯವಾಗಲಿಲ್ಲ ನನಗೆ, ಅದಕ್ಕೇ ಬದುಕಿದೆ ಎಂದು ಈಗ ಚೇಷ್ಟೆ ಮಾಡುತ್ತೇನೆ. ರಾಮದುರ್ಗದಿಂದ ಬೆಳಗಾವಿಗೆ ಒಯ್ದರು. ನಾನು ಕಣ್ಣು ಬಿಟ್ಟು ಕೂಸನ್ನು ಕೇಳುವ ತನಕ ಅವರು ಅಲ್ಲಿಂದ ಕದಲಲಿಲ್ಲ. ಬೆರಳು ತೋರಿಸಲು ಹೋದಾಗ ತಡವಾಗಿತ್ತು. ಅಡ್ಡಾದಿಡ್ಡಿಯಾಗಿಯೇ ಕೂಡಿಕೊಂಡವು.

ಬಹಳ ದಿನ ನಾನು ಅವ್ವನ ಕೂಡ ಮಾತು ಬಿಟ್ಟಿದ್ದೆ. ನರ್ಸಬಾಯಿಯೇ ನನಗೆ ಫೋನ್ ಮಾಡಿ ಬೈದರು. "ಆಕಿ ನಿನಗ ಹೊಡಸಿಲ್ಲ. ನಿನ್ನ ಉಳಸಾಕ ಹೊಡಸ್ಯಾಳ. ತಿಳೀಲಾರದಾಕಿ. ಮಾತಾಡು." ನಾನು ಮಾತಾಡಿದೆ. ಆದರೆ ಅವರು ಮಾತ್ರ ನಮ್ಮ ಮನೆಯಲ್ಲಿ ಚಹಾ ಕುಡಿಯುವುದನ್ನು ಬಿಟ್ಟರು. ನನ್ನ ಎರಡನೆಯ ಹೆರಿಗೆಗೂ ತವರಿಗೇ ಬಂದಿದ್ದೆ. ಅವ್ವ ನನ್ನ ತಲೆದೆಸೆಗೆ ನೀರಿನ ಕೊಡವನ್ನೇ ಇಟ್ಟಿದ್ದಳು, ಗುಳಿಗೆಗಳನ್ನು ತಾನೇ ಬಾಯಿಗೆ ಹಾಕುತ್ತಿದ್ದಳು. ನರ್ಸಬಾಯಿ ಬಂದರು, ಪಟ್ಟಿ ಸುತ್ತಿದರು, ನಾನು ನೀರು ಕುಡಿದದ್ದನ್ನೂ ನೋಡಿದರು. ಅವ್ವ ಚಹಾದ ಕಪ್ಪು ಹಿಡಿದು ನಿಂತಳು.

"ಒಲ್ಲೆ. ಹಿಂದಕ ಈ ಮನ್ಯಾಗ ನನಗ ಮೋಸಾ ಮಾಡಿ ಚಾ ಕುಡಿಸೀರಿ. ಬೆರಳಿಂದು ಮರತೇನಿ, ಆ ಚಾ ಮರತಿಲ್ಲ" ಎಂದು ಎದ್ದು ಹೋದರು. ಅವ್ವ ಆ ಚಹಾವನ್ನು ತಾನೂ ಕುಡಿಯಲಿಲ್ಲ, ಯಾರಿಗೂ ಕೊಡಲಿಲ್ಲ. ಬಚ್ಚಲಿಗೆ ಸುರಿದಳು.

ಅಲ್ಲಿಂದ ಅವ್ವ ಬೇರೆಯೇ ಹೆಂಗಸಾದಳು. ಊರಲ್ಲಿ ಯಾರು ಹಡೆದರೂ ತಂಬಿಗೆ ಹಿಡಿದು ಹೋಗುತ್ತಿದ್ದಳು. ಬೇಡವೆಂದವರಿಗೆ ತನ್ನ ಕೆನ್ನೆ ತೋರಿಸುತ್ತಿದ್ದಳು. "ಇಲ್ಲಿ ಬಿದ್ದೈತಿ ನೋಡ ನನಗ. ನಿನಗೂ ಬೀಳಬೇಕೇನು?"

ನಿವೃತ್ತಿಯ ನಂತರ ನರ್ಸಬಾಯಿ ಸವದತ್ತಿಯಲ್ಲಿ ಹಿರಿಯ ಮಗನ ಮನೆಯಲ್ಲಿದ್ದರು. ಹೋದ ವರ್ಷ ಹೊಟ್ಟೆಯ ಕ್ಯಾನ್ಸರ್ ಎಂದು ಸುದ್ದಿ ಬಂತು. ನಾನೂ ಅವ್ವನೂ ಹೋದೆವು. ಅವ್ವ ಮನೆಯಿಂದಲೇ ಚಹಾ ಮಾಡಿ ಫ್ಲಾಸ್ಕಿನಲ್ಲಿ ತಂದಿದ್ದಳು. ಬಸ್ಸಿನುದ್ದಕ್ಕೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಆ ದೊಡ್ಡ ಹೆಂಗಸು ಕೂಸಿನಷ್ಟಾಗಿ ಹಾಸಿಗೆಯಲ್ಲಿ ಮಲಗಿದ್ದರು. ದನಿ ಮಾತ್ರ ಇತ್ತು.

"ಏನ ತಂದಿ?"

"ಚಾ ರೀ, ಬಾಯಾರ."

"ನಿಮ್ಮನೀದು?"

"ಹೂನ್ರಿ. ಇವತ್ತರ ಕುಡೀರಿ."

ಅವರು ಸೂರು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಆಮೇಲೆ ನನ್ನ ಕಡೆ ಗದ್ದ ಎತ್ತಿ, "ಮೊದಲ ಆಕಿ ನೀರ ಕುಡೀಲಿ" ಎಂದರು.

ನನ್ನ ಚೊಚ್ಚಲ ಕೂಸು ಈಗ ಕಾಲೇಜಿಗೆ ಹೋಗುತ್ತಾಳೆ. ನಾನೆಲ್ಲಿಯ ಬಾಣಂತಿ! ಆದರೆ ನಗಲು ಯಾರಿಗೂ ಆಗಲಿಲ್ಲ. ಅವ್ವ ಎದ್ದು ತಂಬಿಗೆ ತುಂಬಿಕೊಂಡು ಬಂದು, ನನ್ನ ಕೈಗೆ ಕೊಡದೆ ತಾನೇ ನನ್ನ ಬಾಯಿಗೆ ಹಿಡಿದಳು. ನೀರು ನನ್ನ ಎದೆಯ ಮೇಲೆ ಚೆಲ್ಲಿತು. ನಾನು ತಳ ಕಾಣುವ ತನಕ ಕುಡಿದೆ. ನರ್ಸಬಾಯಿ ನನ್ನ ಗಂಟಲನ್ನೇ ನೋಡುತ್ತಿದ್ದರು.

"ಎಲ್ಲಾ ಕುಡದ್ಲೇನು?"

"ಎಲ್ಲಾ ರೀ."

"ಹಂಗಾರ ಹಾಕು."

ಎರಡು ಗುಟುಕು ಕುಡಿದರು. ಮೂರನೆಯದು ಇಳಿಯಲಿಲ್ಲ. "ಸಕ್ರಿ ಕಡಿಮಿ ಆಗೇತಿ" ಎಂದು ಅವ್ವನಿಗೆ ಬೈದು ಕಣ್ಣು ಮುಚ್ಚಿದರು. ಅವ್ವ ಹೊರಗೆ ಕಟ್ಟೆಯ ಮೇಲೆ ಕುಳಿತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಅದೇ ವಾರ ಅವರು ತೀರಿಕೊಂಡರು. ಹೆಣಕ್ಕೆ ನೀರು ಹಾಕುವಾಗ ಅವರ ಸೊಸೆಯಂದಿರ ನಡುವೆ ಅವ್ವನೂ ಹೋಗಿ ನಿಂತಳು. ಯಾರೂ ಬೇಡವೆನ್ನಲಿಲ್ಲ. ಅವ್ವ ಎಡಗೈಯನ್ನೇ ಆರಿಸಿ ಎತ್ತಿಕೊಂಡು, ಆ ಎರಡು ಬೆರಳನ್ನು ನೆಟ್ಟಗೆ ಮಾಡಲು ನೋಡಿದಳು. ಬರಲಿಲ್ಲ. ಮತ್ತೊಮ್ಮೆ ಒತ್ತಲು ಹೋಗಿ ಗಕ್ಕನೆ ಕೈ ತೆಗೆದಳು. ಸೊಟ್ಟಗಿದ್ದ ಹಾಗೇ ಅಂಗೈಯಲ್ಲಿ ಹಿಡಿದುಕೊಂಡು, ತಂಬಿಗೆಯ ನೀರೆಲ್ಲ ಅವುಗಳ ಮೇಲೆ ಹಾಕಿದಳು.