ನಕ್ಷೆ ಡಾಕ್ಟರು

ಆಸ್ಪತ್ರೆಯಲ್ಲಿ ಸ್ಕ್ಯಾನ್ ಓದುವ ಹಿರಿಯ ಡಾಕ್ಟರನ್ನು ಎಲ್ಲರೂ ಕರೆಯುವುದು ‘ನಕ್ಷೆ ಡಾಕ್ಟರು’ ಎಂದೇ. ಮೇದೋಜೀರಕ ಗ್ರಂಥಿಯ ಆಪರೇಷನ್ ಇದೆಯೆಂದರೆ ಸಾಕು, ಪರದೆಗೆ ಮೂಗು ತಾಗಿಸಿ ಕೂತು, ಆ ಗ್ರಂಥಿಯ ಸುತ್ತ ಹಾಯುವ ಸಿರೆಗಳನ್ನೆಲ್ಲ ನೀಲಿ ಪೆನ್ಸಿಲ್ಲಿನಲ್ಲಿ ಹಾಳೆಗಿಳಿಸುತ್ತಾರೆ. ತಂದಿಟ್ಟ ಚಹಾ ಆರಿ, ಕೆನೆಗಟ್ಟಿ, ವಾಪಸ್ಸು ಹೋಗುತ್ತದೆ. “ಹೊಟ್ಟೇಲಿ ಮನೆ ಕಟ್ತೀರಾ ಸಾರ್?” ಎಂದು ಸರ್ಜನ್ ಮೇಡಂ ರೇಗಿಸಿದರೆ, “ಪುಸ್ತಕದಲ್ಲಿರೋ ಹೊಟ್ಟೆ ಯಾರಿಗೂ ಇರಲ್ಲಮ್ಮ, ಸ್ವಲ್ಪ ತಾಳು” ಎನ್ನುತ್ತಾರೆ. ಮೊನ್ನೆಯೂ ಹಾಗೇ ಆಯಿತು. ಧಮನಿಯ ಹಿಂದಿರಬೇಕಾದ ಸಿರೆಯೊಂದು ಈ ರೋಗಿಗೆ ಮುಂದೆಯೇ ಹಾದುಹೋಗಿತ್ತು. ತಿಳಿಯದೆ ಕತ್ತರಿ ತಾಗಿದರೆ ಜೀವಕ್ಕೇ ಕುತ್ತು. ಅದರ ಸುತ್ತ ಎರಡೆರಡು ಗೆರೆ ಎಳೆದರೂ ಅವರಿಗೆ ಸಮಾಧಾನವಿಲ್ಲ. ಎಂದಿನಂತೆ ವಾರ್ಡಿಗೆ ನಡೆದು, ಸ್ಕ್ಯಾನಿನಲ್ಲಿ ಹೊಟ್ಟೆಯೊಳಗಷ್ಟೇ ಪರಿಚಯವಿದ್ದ ಆ ಹೆಂಗಸಿನ ಮುಖ ನೋಡಿ, ಮನೆಮಂದಿಯನ್ನೆಲ್ಲ ವಿಚಾರಿಸಿಕೊಂಡು ಬಂದು, ನಕ್ಷೆಯ ಬುಡದಲ್ಲಿ ಬರೆದರು: ‘ಎಂಟು ತಿಂಗಳ ಮಗಳಿದ್ದಾಳೆ. ಈಗಷ್ಟೇ ಹಿಡಿದುಕೊಂಡು ನಿಲ್ಲುತ್ತಾಳೆ.’ “ಇದೂ ನಕ್ಷೇಲಿ ಬೇಕಾ ಸಾರ್?” ಎಂದು ಮೇಡಂ ಕೇಳಿದರು. “ರಕ್ತ ಎಲ್ಲೀತನಕ ಹೋಗತ್ತೆ ಅಂತ ಪೂರ್ತಿ ತೋರಿಸಬೇಕಲ್ಲಮ್ಮ.” ಮೇಡಂ ಆ ಸಾಲೂ ಕಾಣುವಂತೆ ಹಾಳೆಯನ್ನು ಆಪರೇಷನ್ ಕೋಣೆಯ ಗೋಡೆಗೆ ಅಂಟಿಸಿದರು.