ಕಿಚ್ಚು ಹಾಯಿಸಿದ ರೇಸ್ ಕುದುರೆ

ರೇಸ್ ಕುದುರೆ ಮೂರನೇ ಓಟದಲ್ಲಿ ಯಾಕೆ ಸೋಲುತ್ತದೆ ಎಂದು ಯಾರಾದರೂ ಮಾತು ತೆಗೆದರೆ ನನಗೆ ಮೈಯೆಲ್ಲಾ ಉರಿಯುತ್ತದೆ. ನಮ್ಮ ನೆಂಟರಲ್ಲಿ ಈಗ ಎಲ್ಲರೂ ಅದರಲ್ಲಿ ಪಂಡಿತರೇ. ಜಾಕಿ ಸರಿಯಿಲ್ಲ, ಟ್ರ್ಯಾಕ್ ಗಟ್ಟಿಯಿತ್ತು, ಗ್ರಹಚಾರ ನೆಟ್ಟಗಿರಲಿಲ್ಲ ಎಂದು ಕಾಫಿ ಹೀರುತ್ತಾ ಅಪ್ಪಣೆ ಕೊಡಿಸುತ್ತಾರೆ. ನನ್ನ ಅಣ್ಣನ ಸುದ್ದಿ ಮಾತ್ರ ಒಬ್ಬರೂ ಎತ್ತುವುದಿಲ್ಲ. ಅವನ ಮನೆಯ ಊಟ ಎಲ್ಲರಿಗೂ ಬೇಕಲ್ಲ.

ಅಣ್ಣನಿಗೆ ದಿಬ್ಬೂರಹಳ್ಳಿ ಹತ್ತಿರ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಜಮೀನಿನ ಒಂದು ತುದಿ ಲೇಔಟ್ ಆದ ಮೇಲೆ ದೊಡ್ಡವರ ಸಹವಾಸ ತಲೆಗೆ ಹತ್ತಿತು. ಬೆಂಗಳೂರಿನಲ್ಲಿ ಒಂದು ಕಂದು ಕುದುರೆ ಕೊಂಡ. ಅದರ ಟ್ರೇನರ್‌ಗೆ ಕನ್ನಡ ಬಾರದು, ಅಣ್ಣನಿಗೆ ಇಂಗ್ಲಿಷ್ ಬಾರದು. ಗೌರಿಬಿದನೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿರುವ ನಾನು ಇಬ್ಬರ ನಡುವೆ ಫೋನಿನಲ್ಲಿ ದುಭಾಷಿ. ಭಾನುವಾರಗಳಲ್ಲಿ ಲಾಯಕ್ಕೂ ಹೋಗುತ್ತಿದ್ದೆ. ಕುದುರೆ ನನ್ನ ಭುಜಕ್ಕೆ ಮೂತಿ ಒರಗಿಸಿ ನಿದ್ದೆಗಣ್ಣಾಗಿ ನಿಲ್ಲುತ್ತಿತ್ತು. ಅದರ ಮೇಲೆ ನನಗೆ ಬಹಳ ಪ್ರೀತಿಯಿತ್ತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಒಂದೇ ಸೀಸನ್ನಿನಲ್ಲಿ ಮೂರು ದೊಡ್ಡ ಓಟಗಳು. ಮೂರನ್ನೂ ಗೆದ್ದ ಕುದುರೆಗೆ ಕಿರೀಟ ತೊಡಿಸಿದಷ್ಟು ಮರ್ಯಾದೆ. ಮೊದಲನೆಯದು ಗಿಡ್ಡ, ಎರಡನೆಯದು ಉದ್ದ, ಮೂರನೆಯದು ಇನ್ನೂ ಉದ್ದ. ಮೊದಲನೆಯದಕ್ಕೆ ವೇಗ ಸಾಕು, ಕೊನೆಯದಕ್ಕೆ ದಮ್ಮು ಬೇಕು. ಎರಡು ಓಡಿ ದಣಿದ ಕುದುರೆಯ ಪಕ್ಕದಲ್ಲಿ, ಮೂರನೆಯದಕ್ಕೆಂದೇ ಶಕ್ತಿ ಉಳಿಸಿಕೊಂಡು ಬಂದ ಕುದುರೆಗಳು ನಿಲ್ಲುತ್ತವೆ. ಅದಕ್ಕೇ ನಡುವಿನ ವಾರಗಳು ಮುಖ್ಯ ಎಂದು ಟ್ರೇನರ್ ಪ್ರತಿ ಸಲ ಹೇಳುತ್ತಿದ್ದರು. ಜಾಗ ಬದಲಾಗಬಾರದು, ಮೇವು ಬದಲಾಗಬಾರದು, ಗದ್ದಲ ಕೂಡದು. ಇದನ್ನು ನಾನು ಅಣ್ಣನಿಗೆ ಅಕ್ಷರ ಬಿಡದೆ ಹೇಳಿದೆ. ಗೋಡೆಗೆ ಹೇಳಿದ ಹಾಗಾಯಿತು.

ಕುದುರೆ ಮೊದಲೆರಡನ್ನೂ ಗೆದ್ದುಬಿಟ್ಟಿತು. ಅಣ್ಣ ಭೂಮಿಯ ಮೇಲೆ ಕಾಲಿಡಲಿಲ್ಲ.

"ಮೂರನೇದೂ ಗೆದ್ರೆ ಇನ್ ಓಡ್ಸಲ್ಲ ಕಣಮ್ಮಾ. ನಮ್ ತೋಟದಲ್ಲೇ ಬಿಡ್ತೀನಿ, ಬೇಕಾದಷ್ಟು ಮೇಯ್ಲಿ," ಎಂದ.

"ಸೋತ್ರೆ?"

"ಸೋತಿದ್ದನ್ನ ಕಟ್ಕೊಂಡು ಏನ್ ಮಾಡ್ಲಿ? ಮಾರ್ತೀನಿ."

ಅಲ್ಲಿಗೆ ಆ ಪ್ರಾಣಿಯ ಬಾಳು ಮೂರನೇ ಓಟದ ಮೇಲೆ ನಿಂತಿತು.

ನಡುವೆ ಸಂಕ್ರಾಂತಿ ಬಂತು. ಹಬ್ಬಕ್ಕೆ ತವರಿಗೆ ಹೋದರೆ ಮನೆ ಮುಂದೆ ಲಾರಿ, ಲಾರಿಯಿಂದ ಇಳಿಯುತ್ತಿರುವ ಕುದುರೆ. ಟ್ರೇನರ್ ಬೇಡವೆಂದರೂ ಅಣ್ಣ, ತೋಟದಲ್ಲಿ ವಿಶ್ರಾಂತಿ ಕೊಡಿಸುತ್ತೇನೆ ಎಂದು ಹಟ ಹಿಡಿದು ಕರೆತಂದಿದ್ದ. ಈ ಒಂದು ಸಲ ಮಾತ್ರ ನನ್ನನ್ನು ಬಿಟ್ಟು ಬೇರೆ ಯಾರಿಂದಲೋ ಮಾತಾಡಿಸಿದ್ದ. ವಿಶ್ರಾಂತಿಯಂತೆ! ಹಣೆಗೆ ಅರಿಶಿನ ಬಳಿದು, ಕೊರಳಿಗೆ ಚೆಂಡುಹೂವಿನ ಹಾರ, ಗೆಜ್ಜೆಪಟ್ಟಿ ಕಟ್ಟಿ, ಬೋಗುಣಿ ತುಂಬಾ ಸಿಹಿಪೊಂಗಲ್ ತಿನ್ನಿಸಿದರು. ಎತ್ತುಗಳಿಗೆ ಮಾಡುವುದನ್ನೆಲ್ಲಾ ಅದಕ್ಕೂ ಮಾಡಿದರು. ಸಂಜೆ ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಾಕಿ, ಎತ್ತುಗಳನ್ನು ಕಿಚ್ಚು ಹಾಯಿಸಿದ ಮೇಲೆ ಅಣ್ಣ ಕುದುರೆಯ ಹಗ್ಗ ಹಿಡಿದ.

"ಅಣ್ಣಾ, ಬ್ಯಾಡ ಕಣಣ್ಣಾ. ಅದು ಬೆಂಕಿ ಕಂಡಿಲ್ಲ," ಎಂದೆ.

"ದೃಷ್ಟಿಯೆಲ್ಲಾ ಸುಟ್ಟು ಹೋಗ್ಲಿ ಬಿಡಮ್ಮಾ. ಊರಿನ್ ಕಣ್ಣೆಲ್ಲಾ ಅದ್ರ ಮೇಲೈತೆ."

ಜನ "ಚೂಡ್ರಾ, ಚೂಡ್ರಾ", ನೋಡ್ರೋ ಎಂದು ತೆಲುಗಿನಲ್ಲಿ ಕೂಗುತ್ತಾ ಮೊಬೈಲ್ ಎತ್ತಿ ಹಿಡಿದರು. ಕುದುರೆ ಹಿಂದಕ್ಕೆ ಜಗ್ಗಿತು, ಕಣ್ಣಿನ ಬಿಳಿ ಕಾಣಿಸಿತು. ಮುಂದಿನಿಂದ ಇಬ್ಬರು ಎಳೆದರು, ಹಿಂದಿನಿಂದ ಒಬ್ಬ ಕೋಲಿನಲ್ಲಿ ಬಾರಿಸಿದ. ಅದು ಬೆಂಕಿಯನ್ನು ಅಡ್ಡಡ್ಡಲಾಗಿ ಹಾರಿ, ಹಿಂಗಾಲು ಚರಂಡಿಗೆ ಜಾರಿ, ಎದ್ದು ನಿಂತು ಗಡಗಡ ನಡುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಈ ಅಣ್ಣನ ಹುಳು ಮನೆಯೊಳಗೆ ಕೈಕಾಲು ತೊಳೆಯದೆ ಯಾರೂ ಹೋಗುವ ಹಾಗಿಲ್ಲ. ಹುಳು ಪೊರೆ ಬಿಡಲು ಜ್ವರಕ್ಕೆ ಕೂತರೆ ಅತ್ತಿಗೆ ಅದರ ಅಕ್ಕಪಕ್ಕ ಜೋರಾಗಿ ಮಾತಾಡುವುದಿಲ್ಲ, ಮೆಣಸಿನಕಾಯಿ ಒಗ್ಗರಣೆ ಹಾಕುವುದಿಲ್ಲ. ಬೆರಳುದ್ದದ ಹುಳುವಿಗೆ ಇಷ್ಟು ಉಪಚಾರ ಗೊತ್ತಿದ್ದವನಿಗೆ ಕುದುರೆಗೆ ಏನು ಬೇಕೆಂದು ಗೊತ್ತಾಗದೆ ಇರುತ್ತದೆಯೇ? ಗೊತ್ತಿತ್ತು. ಊರಿಗೆ ತೋರಿಸಿಕೊಳ್ಳಬೇಕಿತ್ತು, ಅಷ್ಟೇ.

ವಾಪಸು ಹೋದ ಕುದುರೆ ಮೇವು ಬಿಟ್ಟಿತು. ಲಾಯದ ಬಳಿ ಯಾರಾದರೂ ಬೀಡಿ ಹಚ್ಚಿದರೂ ಬೆವರುತ್ತಿತ್ತು. ಟ್ರೇನರ್ ಫೋನ್ ಮಾಡಿ ಏನು ಮಾಡಿದಿರಿ ಎಂದು ಕೇಳಿದರು. ನಾನು ನಡೆದದ್ದನ್ನೆಲ್ಲಾ ಹೇಳಿದೆ. ಅವರು ಈ ಓಟಕ್ಕೆ ಬೇಡ, ಹಿಂದಕ್ಕೆ ತೆಗೆದುಕೊಳ್ಳೋಣ ಎಂದರು. ಅಣ್ಣನಿಗೆ ಹೇಳಿದೆ. "ಚಿಂತಾಮಣಿಯಿಂದ ಒಂದ್ ಬಸ್ ಜನ ಬರ್ತಾವ್ರೆ. ಅವ್ರ ಮುಂದೆ ನನ್ ಮಾನ ಕಳೀಬೇಕಾ?" ಎಂದು ನನ್ನ ಮೇಲೇ ಹಾರಿಬಿದ್ದ.

ಓಟದ ದಿನ ಕುದುರೆ ಅರ್ಧ ದಾರಿವರೆಗೂ ಮುಂದಿನ ಗುಂಪಿನಲ್ಲೇ ಇತ್ತು. ಕೊನೆಯ ತಿರುವಿನಲ್ಲಿ ಉಳಿದ ಕುದುರೆಗಳು ಒಂದೊಂದಾಗಿ ಅದನ್ನು ದಾಟಿದವು. ಜಾಕಿ ಚಾಟಿ ಎತ್ತಿದವನು ಹಾಗೇ ಇಳಿಸಿದ. ಬಸ್ಸಿನಲ್ಲಿ ಬಂದವರು ಪೊಟ್ಟಣದ ಚಿತ್ರಾನ್ನ ತಿನ್ನುತ್ತಾ, ಜಾಕಿ ದುಡ್ಡು ತಿಂದಿದ್ದಾನೆ ಎಂದು ತೀರ್ಪು ಕೊಟ್ಟರು. ಅಣ್ಣ ಅವರ ನಡುವೆ ನಿಂತು ತಲೆಯಾಡಿಸುತ್ತಿದ್ದ.

ವಾರ ಕಳೆಯುವುದರೊಳಗೆ ಕುದುರೆ ಮಾರಿದ ಸುದ್ದಿ ಬಂತು. ಅಣ್ಣನ ಮನೆಗೇ ಹೋಗಿ ಯಾರಿಗೆ ಎಂದು ಕೇಳಿದೆ.

"ಚಿಕ್ಕಬಳ್ಳಾಪುರದ ಕಡೆಯೋನು. ಮದುವೆ ಮೆರವಣಿಗೆಗೆ ಕುದುರೆ ಬಿಡ್ತಾನೆ. ರಾಜನ್ ಥರ ಸಿಂಗಾರ ಮಾಡ್ತಾನಂತೆ."

"ಮೆರವಣಿಗೇಲಿ ಪಟಾಕಿ ಹೊಡೀತಾರಲ್ಲಣ್ಣಾ!"

"ಹೊಡೀಲಿ ಬಿಡಮ್ಮಾ. ಅಭ್ಯಾಸ ಆಗ್ತದೆ."

ಬಾಯಿಗೆ ಬಂದ ಹಾಗೆ ಬೈದೆ. ಹುಟ್ಟಿದಾಗಿನಿಂದ ಅವನ ಹತ್ತಿರ ಹಾಗೆ ಮಾತಾಡಿರಲಿಲ್ಲ. ಅತ್ತಿಗೆ ಕುಂಕುಮದ ತಟ್ಟೆ ಹಿಡಿದು ಬಂದರು. ತೆಗೆದುಕೊಳ್ಳದೆ ಹೊರಟು ಬಂದೆ. ಕುದುರೆ ಕೊಂಡವನ ನಂಬರ್ ಕೇಳಿ ಆಮೇಲೆ ಅಣ್ಣನಿಗೆ ಮೂರು ಸಲ ಫೋನ್ ಮಾಡಿದೆ. ಕೊಡಲಿಲ್ಲ.