ಒಂಬತ್ತನೇ ನಂಬರಿನ ಬಿಳಿ ಚಡ್ಡಿ

ಆಟವನ್ನೇ ನೋಡದೆ ಆಟದ ವರದಿ ಒಪ್ಪಿಸಬಲ್ಲ ಹೆಂಗಸು ಆ ಊರಿನಲ್ಲಿ ಒಬ್ಬಳೇ ಇದ್ದಳು. ಫುಟ್‌ಬಾಲಿನ ನಿಯಮ ಅವಳಿಗೆ ಅರ್ಧವೂ ಗೊತ್ತಿರಲಿಲ್ಲ. ಕ್ಲಬ್ಬಿನ ಮೈದಾನದಲ್ಲಿ, ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಅಡಿಯಲ್ಲಿದ್ದ ಬಟ್ಟೆ ಒಗೆಯುವ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳದೇ ದರ್ಬಾರು. ಎರಡು ದೊಡ್ಡ ಯಂತ್ರ, ಒಂದು ಕಲ್ಲಿನ ತೊಟ್ಟಿ, ಗೋಡೆಯುದ್ದಕ್ಕೂ ನಂಬರು ಬರೆದ ಕೊಕ್ಕೆಗಳು. ಆಟಗಾರರು, ಕೋಚು, ಗೇಟಿನ ಕಾವಲುಗಾರ, ಎಲ್ಲರ ಬಾಯಲ್ಲೂ ಅವಳು ಸೋಪಕ್ಕ. ಜಗಳವಿಲ್ಲದ ದಿನ ಗಂಡನೂ ಹಾಗೇ ಕರೆಯುತ್ತಿದ್ದ.

ಪಂದ್ಯದ ದಿನ ಅವಳ ತಲೆಯ ಮೇಲೆ ಸಾವಿರಾರು ಕಾಲುಗಳು ಧಡಧಡ ಕುಣಿಯುತ್ತಿದ್ದವು. ಒಮ್ಮೆಯಾದರೂ ಹೊರಗೆ ಹೋಗಿ ಇಣುಕಿದವಳಲ್ಲ. ಮುಗಿದ ಮೇಲೆ ಚೀಲ ಬರುತ್ತಿತ್ತು. ಚೀಲ ಬಿಚ್ಚಿದರೆ ಇಡೀ ಪಂದ್ಯ ಅವಳ ಕಾಲ ಬಳಿ ಬಂದು ಬೀಳುತ್ತಿತ್ತು.

ಅವಳ ತಮ್ಮನ ಮಗಳು ಪತ್ರಿಕೆಯೊಂದರ ಕ್ರೀಡಾಪುಟದಲ್ಲಿ ಆರು ವರ್ಷ ದುಡಿದಿದ್ದಳು. ಒಂದು ಬುಧವಾರ ಆಡಳಿತದವರು ಕೇಕು ತರಿಸಿ, ಎಲ್ಲರ ಕೈಗೂ ಒಂದೊಂದು ತುಂಡು ಕೊಟ್ಟು, ಕ್ರೀಡಾಪುಟವನ್ನೇ ಮುಚ್ಚಿದರು. ಓದುವ ಜನ ಈಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವ ಜನವಾಗಿದ್ದಾರೆ, ಪುಟ ಯಾರಿಗೆ ಬೇಕು ಎಂದರು. ಕೆಲಸ ಕಿತ್ತುಕೊಳ್ಳುವಾಗ ಬಾಯಿ ಸಿಹಿ ಮಾಡಿಸುವ ಈ ಜಾಣತನ ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ! ಹುಡುಗಿ ತುಟಿಯ ಕೆನೆ ಒರೆಸಿಕೊಂಡು ನೇರವಾಗಿ ಅತ್ತೆಯ ಕೋಣೆಗೆ ಬಂದು, ಕೊಳೆ ಬಟ್ಟೆಯ ರಾಶಿಯ ಮೇಲೆ ಕೂತು ಗೊಳೋ ಎಂದಳು.

"ಅಳೋದು ಆಮೇಲೆ ಅಳುವೆಯಂತೆ, ಇದನ್ನ ಹಿಡಿ," ಎಂದು ಸೋಪಕ್ಕ ಅವಳ ಮಡಿಲಿಗೆ ಎರಡು ಜೆರ್ಸಿ ಎಸೆದಳು. "ನಾಲ್ಕನೇ ನಂಬರು ನೋಡು. ಎಡ ಸೊಂಟದ ಮೇಲೆ ಉದ್ದಕ್ಕೆ ಹುಲ್ಲಿನ ಗೀಟು. ಜಾರಿ ಹೋಗಿ ಚೆಂಡು ಕಿತ್ಕೊಂಡಿದ್ದಾನೆ. ಏಳನೇ ನಂಬರಿನ ಬೆನ್ನಲ್ಲಿ ಐದು ಬೆರಳು! ಯಾರೋ ಹಿಂದಿನಿಂದ ಹಿಡಿದು ಎಳೆದಿದ್ದಾರೆ. ಶಿಕ್ಷೆ ಆಯ್ತಾ ಅವನಿಗೆ?"

"ಇಲ್ಲ ಅತ್ತೆ. ರೆಫರಿ ನೋಡ್ಲಿಲ್ಲ."

"ಅವನ ಕಣ್ಣಿಗೆ ಸೋಪು ಹೋಗಿತ್ತೇನೋ. ಇನ್ಮೇಲೆ ನನ್ನ ಚೀಲ ಬಿಚ್ಚಿದ ಮೇಲೆ ಸೀಟಿ ಊದು ಅಂತ ಹೇಳು."

ಹುಡುಗಿಯ ಅಳು ಅರ್ಧಕ್ಕೇ ನಿಂತಿತು. ಆರು ವರ್ಷ ಪತ್ರಕರ್ತರ ಗ್ಯಾಲರಿಯಲ್ಲಿ ಕೂತು ಬರೆದವರಾರೂ ಆ ಐದು ಬೆರಳನ್ನು ಕಂಡಿರಲಿಲ್ಲ. ಅವಳು ಫೋನನ್ನು ಸೋಪಿನ ಪುಡಿಯ ಡಬ್ಬದ ಮೇಲೆ ಒರಗಿಸಿ, "ಅತ್ತೆ, ಇನ್ನೊಂದ್ಸಲ ಹೇಳು," ಎಂದಳು.

ಹೀಗೆ ಹುಟ್ಟಿದ್ದು "ಕೊಳೆ ವರದಿ". ಮೊದಲ ಕಂತು ಹನ್ನೊಂದು ನಿಮಿಷ; ಅದರಲ್ಲಿ ಎರಡು ನಿಮಿಷ ಯಂತ್ರದ ಗಡಗಡ. ಕೇಳಿದವರು ನಲವತ್ತು ಜನ, ಅವರಲ್ಲಿ ಮೂವತ್ತು ನೆಂಟರು. ಐದನೇ ಕಂತಿಗೆ ಆ ಸಂಖ್ಯೆಯ ಬಾಲಕ್ಕೆ ಸೊನ್ನೆಗಳು ಅಂಟಿಕೊಳ್ಳತೊಡಗಿದವು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಜನ ಕಿವಿಗೆ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ನಗುತ್ತಿದ್ದರು. ಯಂತ್ರದ ಗಡಗಡ ಕೇಳಿದರೆ ಮಾತ್ರ ನನ್ನ ಕೂಸು ಮಲಗುತ್ತದೆ ಎಂದು ಒಬ್ಬ ತಾಯಿ ಬರೆದಳು.

ಮೈದಾನದಲ್ಲೂ ಹುಚ್ಚು ಹಿಡಿಯಿತು. ಸೋಪಕ್ಕನ ಬಾಯಲ್ಲಿ ತಮ್ಮ ನಂಬರು ಬರಲೆಂದು ಆಟಗಾರರು ಬೇಕಿಲ್ಲದ ಕಡೆಯೂ ಜಾರತೊಡಗಿದರು. ಒಬ್ಬ ಸೀಟಿ ಊದಿದ ಮೇಲೆ ಜಾರಿದ. ಇನ್ನೊಬ್ಬ ಎದುರಾಳಿಯ ಕೈ ಕುಲುಕಲು ಹೋಗುವಾಗ ಜಾರಿದ. ಇಡೀ ಋತುವಿನಲ್ಲಿ ಒಂದು ನಿಮಿಷವೂ ಆಡದ ಮೀಸಲು ಗೋಲ್‌ಕೀಪರನ ಬಟ್ಟೆ ಎಮ್ಮೆ ಮಿಂದ ಹಾಗೆ ಬಂತು.

"ಪುಣ್ಯಾತ್ಮ ಬೆಂಚಿನ ಹಿಂದೆ ಹೊರಳಾಡಿದ್ದಾನೆ," ಎಂದು ಸೋಪಕ್ಕ ಮೈಕಿಗೆ ಹೇಳಿದಳು. "ಒಂದೇ ಮಗ್ಗುಲು ಕೊಳೆ ಆಗಿದೆ. ಮಗಾ, ಇನ್ನೊಂದು ಮಗ್ಗುಲಿಗೂ ತಿರುಗಬೇಕಿತ್ತು, ನಿದ್ದೆ ಬಂತಾ?"

ಆಗ ಬಂದಿತು ಕಂಪನಿ. ಗಾಜಿನ ಕಟ್ಟಡದ ಆರನೇ ಮಹಡಿ. ನಲವತ್ತೆಂಟು ಕ್ರೀಡಾ ಪಾಡ್‌ಕಾಸ್ಟುಗಳನ್ನು ಕೊಂಡು ಗುಡ್ಡೆ ಹಾಕಿಕೊಂಡಿದ್ದ ಅದು, ನಲವತ್ತೊಂಬತ್ತನೆಯದಾಗಿ "ಕೊಳೆ ವರದಿ"ಯನ್ನೂ ಬಾಚಿಕೊಂಡಿತು. ಹುಡುಗಿಗೆ ತಿಂಗಳ ಸಂಬಳದ ಕೆಲಸ ಸಿಕ್ಕಿತು. ಕಾರ್ಯಕ್ರಮಗಳ ಮುಖ್ಯಸ್ಥನ ಅಂಗಿಯಲ್ಲಿ ಸುಕ್ಕಿರಲಿಲ್ಲ, ಮಾತಿನಲ್ಲಂತೂ ಇರಲೇ ಇಲ್ಲ. ಸೋಪಕ್ಕ ಮೊದಲ ದಿನವೇ ಅವನಿಗೆ ಇಸ್ತ್ರಿ ಸಾಹೇಬ ಎಂದು ಹೆಸರಿಟ್ಟಳು. ಅವನು ಅವಳನ್ನು ಗಿರಗಿರ ತಿರುಗುವ ಕುರ್ಚಿಯಲ್ಲಿ ಕೂರಿಸಿದ. ಗೋಡೆಗೆಲ್ಲ ಸ್ಪಂಜು ಮೆತ್ತಿದ ಕೋಣೆಗೆ ಒಗೆಯುವ ಯಂತ್ರ ತರುವಂತಿರಲಿಲ್ಲವಾದ್ದರಿಂದ ಗಡಗಡ ಸದ್ದನ್ನು ಕಂಪ್ಯೂಟರಿನಿಂದ ಬಿಟ್ಟ. ಎಂಥ ಕಲೆಯನ್ನೂ ಉಳಿಸದ ಪುಡಿಯೊಂದರ ಜಾಹೀರಾತು ಓದಲು ಕೊಟ್ಟ.

ಸೋಪಕ್ಕ ಓದಿದಳು. ಓದಿ, "ಕರವಸ್ತ್ರಕ್ಕೆ ಪರವಾಗಿಲ್ಲ," ಎಂದು ತನ್ನದೂ ಒಂದು ಮಾತು ಸೇರಿಸಿದಳು. ಪುಡಿಯವರು ಕೆಂಡವಾದರು. ಮಾರನೇ ವಾರ ಮಾರಾಟ ಏರಿತು. ಪುಡಿಯವರು ತಣ್ಣಗಾದರು.

ಇಲ್ಲಿಯವರೆಗೆ ಎಲ್ಲ ತಮಾಷೆಯೇ. ಆದರೆ ಅದೇ ಕಂಪನಿ ಕ್ಲಬ್ಬಿನಲ್ಲೂ ಪಾಲು ಕೊಂಡಿತ್ತು. ಸುದ್ದಿ ಹೇಳುವವರೂ ಅವರೇ, ಸುದ್ದಿಯಾಗುವವರೂ ಅವರೇ. ದೊಡ್ಡ ಆಟಗಾರರಿಗೆಲ್ಲ ಒಂದೊಂದು ಮೈಕು ಹಂಚಿದ್ದರು. ಆಟಗಾರನೇ ಆತಿಥೇಯ, ಅವನ ಗೆಳೆಯನೇ ಅತಿಥಿ. ಪ್ರಶ್ನೆ ಕೇಳುವವನಿಗೆ ಮಾತ್ರ ಕುರ್ಚಿಯಿಲ್ಲ. ಅಭಿಮಾನಿಗೆ ಹತ್ತಿರವಾಗುವುದು ಎಂದು ಇದಕ್ಕೊಂದು ಚೆಂದದ ಹೆಸರು ಬೇರೆ. ಎಲ್ಲಕ್ಕಿಂತ ಹೆಚ್ಚು ಜನ ಕೇಳುತ್ತಿದ್ದುದು ತಂಡದ ತಾರೆ ಒಂಬತ್ತನೇ ನಂಬರಿನವನ ಕಾರ್ಯಕ್ರಮವನ್ನು. ತಿಂಗಳ ಕೊನೆಗೆ ಅವನನ್ನು ಇನ್ನೂ ದೊಡ್ಡ ಕ್ಲಬ್ಬಿಗೆ ಮಾರುವುದೆಂದು ಮಾತಾಗಿತ್ತು.

ಆ ಒಂಬತ್ತನೇ ನಂಬರಿನ ಚಡ್ಡಿ ಮೂರು ಪಂದ್ಯದಿಂದ ಹಾಲಿನಂತೆ ಬಿಳಿಯಾಗಿ ಬರುತ್ತಿತ್ತು. ಸೋಪಕ್ಕನಿಗೆ ಹಬ್ಬ. "ಇದನ್ನ ಒಗೆಯೋದೇ ಬೇಡ, ಮಡಚಿಟ್ಟರೆ ಸಾಕು," ಎಂದಳು ಮೊದಲ ವಾರ. "ಅಂಗಡಿಗೆ ವಾಪಸ್ ಕೊಟ್ಟರೆ ಹೊಸದು ಅಂತ ತಗೋತಾರೆ," ಎಂದಳು ಎರಡನೇ ವಾರ. ಮೂರನೇ ಪಂದ್ಯದಲ್ಲಿ ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ ಇಡೀ ಮೈದಾನ ಒಂದೇ ಕಂಠದಲ್ಲಿ ಕೂಗಿತು: "ಮಡಚಿಡು! ಮಡಚಿಡು!" ಮೆಟ್ಟಿಲಡಿಯ ಕೋಣೆಯಲ್ಲಿ ಸೋಪಕ್ಕ ತನ್ನದೇ ಮಾತು ಛಾವಣಿಯಿಂದ ಉದುರುವುದನ್ನು ಕೇಳಿ ಹಿಗ್ಗಿ ಹೀರೇಕಾಯಿಯಾದಳು. ನಿಜ ಹೇಳಬೇಕೆಂದರೆ, ಹಿಗ್ಗಬಾರದಿತ್ತು.

ನಾಲ್ಕನೇ ಪಂದ್ಯದ ಹಿಂದಿನ ದಿನ ಇಸ್ತ್ರಿ ಸಾಹೇಬ ಅತ್ತೆ ಸೊಸೆ ಇಬ್ಬರನ್ನೂ ಕರೆಸಿದ.

"ಅಕ್ಕಾ, ಈ ಸಲ ಒಂಬತ್ತನೇ ನಂಬರಿನ ಬಗ್ಗೆ ನಾಲ್ಕು ಒಳ್ಳೆ ಮಾತು ಹೇಳಿಬಿಡಿ."

"ಕೊಳೆ ಇದ್ರೆ ಹೇಳ್ತೀನಪ್ಪಾ. ನನಗೇನು ಅವನ ಮೇಲೆ ದ್ವೇಷಾನಾ?"

"ಇರುತ್ತೆ ಅಕ್ಕಾ."

"ಪಂದ್ಯ ನಾಳೆ. ಕೊಳೆ ಇರುತ್ತೆ ಅಂತ ನಿನಗೆ ಇವತ್ತೇ ಹೇಗೆ ಗೊತ್ತು?"

ಇಸ್ತ್ರಿ ಸಾಹೇಬನ ಮಾತಿಗೆ ಮೊದಲ ಸಲ ಸುಕ್ಕು ಬಿತ್ತು. ಅವನು ಅದನ್ನು ಬೇಗ ಸರಿಮಾಡಿಕೊಂಡು ಹೇಳಿದ: "ಹೇಳದಿದ್ರೆ ಕಾರ್ಯಕ್ರಮ ಇರಲ್ಲ. ಮೈದಾನದ ಕೆಲಸವೂ ನಮ್ಮ ಕೈಯಲ್ಲೇ ಇದೆ ಅನ್ನೋದು ಮರೀಬೇಡಿ."

ಅತ್ತೆಯ ಮನೆಯ ಬಾಗಿಲಲ್ಲಿ ಚಪ್ಪಲಿ ಕಳಚುತ್ತ ಹುಡುಗಿ, "ಅತ್ತೆ, ಒಂದೇ ಒಂದ್ಸಲ ಹೇಳಿಬಿಡು. ಇನ್ನೊಂದು ಕೇಕು ತಿನ್ನೋ ಶಕ್ತಿ ನನಗಿಲ್ಲ," ಎಂದಳು.

ಸೋಪಕ್ಕ ಕಾಲು ತೊಳೆಯಲು ಬಚ್ಚಲಿಗೆ ನಡೆದಳು. ಒಳಗಿನಿಂದ ಗಂಡ, "ಏನಂತೆ? ಇವಳು ಸುಮ್ಮನಿದ್ದಾಳೆ ಅಂದ್ರೆ ಜ್ವರ ಏನಾದ್ರೂ ಬಂದಿದೆಯಾ ನೋಡು," ಎಂದ.

ಸೋಮವಾರ ಬೆಳಗ್ಗೆ ಹತ್ತಕ್ಕೆ ನೇರ ಪ್ರಸಾರ. ಆಟಗಾರರ ಕೋಣೆಯಿಂದ ಚೀಲ ಸ್ಟುಡಿಯೋಗೆ ಬಂತು. ಸೋಪಕ್ಕ ಒಂದೊಂದೇ ತೆಗೆದು ಓದಿದಳು. ನಾಲ್ಕನೇ ನಂಬರು ಎಂದಿನಂತೆ ಜಾರಿದ್ದ. ಮೀಸಲು ಗೋಲ್‌ಕೀಪರ್ ಈ ಸಲ ಎರಡೂ ಮಗ್ಗುಲು ಹೊರಳಿದ್ದ. ಹುಡುಗಿ ಕಿಸಕ್ಕನೆ ನಕ್ಕಳು. ಆಮೇಲೆ ಬಂತು ಒಂಬತ್ತನೇ ನಂಬರು. ಮಂಡಿಯ ಮೇಲಿನ ಅಂಚಿನಿಂದ ಸೊಂಟದವರೆಗೆ ಕಪ್ಪು ಮಣ್ಣು. ಗಾಜಿನಾಚೆ ಇಸ್ತ್ರಿ ಸಾಹೇಬ ಹೆಬ್ಬೆರಳು ಎತ್ತಿದ.

ಸೋಪಕ್ಕ ಚಡ್ಡಿಯನ್ನು ಮೂಗಿಗೆ ಹಿಡಿದಳು. ಉಗುರಿನಿಂದ ಕೆರೆದಳು. ಅವಳ ಹೊಟ್ಟೆಯೊಳಗಿನಿಂದ ನಗು ಗುಳುಗುಳು ಎದ್ದು ಬಂತು.

"ಅಯ್ಯೋ ನನ್ನಪ್ಪಾ! ಮೈದಾನದ ಮಣ್ಣು ಎಳೆಯೊಳಗೆ ಉಜ್ಜಿಕೊಂಡು ಹೋಗುತ್ತೆ. ಇದು ಬೆಣ್ಣೆ ಸವರಿದ ಹಾಗೆ ಮೇಲೇ ಕೂತಿದೆ. ಹುಲ್ಲಿನ ಹಸಿರು ಒಂದು ಚೂರೂ ಇಲ್ಲ. ತೆಂಗಿನ ನಾರಿದೆ. ಬಿಳೀ ಹರಳಿದೆ. ಗೊಬ್ಬರದ ವಾಸನೆ ಇದೆ. ಇದು ಹೂಕುಂಡದ ಮಣ್ಣು ಕಣ್ರೋ! ಬಾಗಿಲಾಚೆ ಲಿಫ್ಟಿನ ಪಕ್ಕ ಒಂದು ಕುಂಡ ಇದೆ, ಹೋಗಿ ನೋಡಿ ಬಾರೇ!"

ಹುಡುಗಿ ಎದ್ದು ಓಡಿದಳು. ಓಡುವಾಗ ಕಿವಿಯ ತಂತಿ ಎಳೆದು ಕುರ್ಚಿ ಉರುಳಿತು. ಅರ್ಧ ನಿಮಿಷದಲ್ಲಿ ಏದುಸಿರು ಬಿಡುತ್ತ ಬಂದು, "ಗಿಡ ಇದೆ ಅತ್ತೆ, ಮಣ್ಣು ಅರ್ಧ ಇಲ್ಲ. ಬೇರು ಕಾಣ್ತಿದೆ," ಎಂದಳು. ಕೇಕಿನ ಭಯ ಎಲ್ಲಿ ಹೋಯಿತೋ, ಅವಳ ಕಣ್ಣು ದೀಪದ ಹಾಗೆ ಹೊಳೆಯುತ್ತಿತ್ತು. ಸಾವಿರಾರು ಕೇಳುಗರ ಕಿವಿಯಲ್ಲಿ ಇಬ್ಬರು ಹೆಂಗಸರ ನಗು ಉಕ್ಕಿ ಹರಿಯಿತು. ಇಸ್ತ್ರಿ ಸಾಹೇಬ ಗಾಜು ಬಡಿಯುತ್ತಿದ್ದ. ಸ್ಪಂಜಿನ ಕೋಣೆಯೊಳಗೆ ಅದರ ಸದ್ದು ಬರುವಂತಿರಲಿಲ್ಲ.

ನಗುತ್ತಲೇ ಸೋಪಕ್ಕ, ಒಗೆಯುವ ಮೊದಲು ಎಲ್ಲ ಕೊಳೆ ಬಟ್ಟೆಗೂ ಮಾಡುವಂತೆ, ಕೈ ಅಭ್ಯಾಸಕ್ಕೆ ಆ ಚಡ್ಡಿಯನ್ನು ಒಳಮೈ ಹೊರಗೆ ಮಾಡಿದಳು.

ನಗು ನಿಂತಿತು.

ಎಡಗಾಲಿನ ಒಳಬದಿಯಲ್ಲಿ, ಮಂಡಿಯ ಅಂಚಿನ ಹತ್ತಿರ, ಅಂಟಿನ ಪಟ್ಟಿಯ ಗುರುತು. ಒಂದರ ಮೇಲೊಂದು, ಹಳೆಯದು, ಹೊಸದು, ಅದಕ್ಕಿಂತ ಹಳೆಯದು. ಅಂಟಿಗೆ ಕಿತ್ತು ಬಂದ ರೋಮ. ಹಳದಿ ಮುಲಾಮು ಬಟ್ಟೆಗೆ ಇಳಿದು ಗಟ್ಟಿಯಾಗಿತ್ತು. ಇದು ಒಂದು ಪಂದ್ಯದ್ದಲ್ಲ. ಮೂರು ವಾರ ಚಡ್ಡಿ ಬಿಳಿಯಾಗಿದೆಯೆಂದು ಇವಳು ಅದನ್ನು ತಿರುಗಿಸಿಯೂ ನೋಡದೆ ಐದು ನಿಮಿಷದ ನೀರಿಗೆ ಹಾಕಿ ತೆಗೆದಿದ್ದಳು. ಜಾರದಿದ್ದವನು ಸೋಮಾರಿಯಲ್ಲ, ಜಾರಿದರೆ ಏಳಲಾಗದವನು. ಅವನ ಮೇಲೆ ಇಡೀ ಊರನ್ನು ಛೂ ಬಿಟ್ಟವಳು ತಾನು.

ಕಾಲು ಅವನದು. ಗಾಯದ ಸುದ್ದಿ ಹೊರಬಿದ್ದರೆ ದೊಡ್ಡ ಕ್ಲಬ್ಬು ಹೋಯಿತು. ಹೇಳದಿದ್ದರೆ ಕಾಲೇ ಹೋದೀತು. ಕಂಪ್ಯೂಟರಿನ ಯಂತ್ರ ಮಾತ್ರ ಖಾಲಿ ಗಡಗಡಿಸುತ್ತಿತ್ತು.

"ಕೇಳಿ," ಎಂದಳು ಕೊನೆಗೆ. "ಈ ಚಡ್ಡಿ ಬಗ್ಗೆ ಮೂರು ವಾರ ನಾನು ಹೇಳಿದ್ದೆಲ್ಲ ತಪ್ಪು. ಹೊರಗೆ ಮಾತ್ರ ನೋಡಿದೆ, ಒಳಗೆ ನೋಡಲಿಲ್ಲ. ಒಳಗೆ ಏನಿದೆ ಅಂತ ಹೇಳೋ ಹಕ್ಕು ಅದನ್ನ ಹಾಕ್ಕೊಂಡವನದು, ನನ್ನದಲ್ಲ. ಮಡಚಿಡು ಅಂತ ಯಾರೂ ಕೂಗಬೇಡಿ. ಕೂಗಲೇಬೇಕು ಅಂದ್ರೆ ಸೋಪಕ್ಕನ್ನ ಮಡಚಿಡು ಅಂತ ಕೂಗಿ."

ಎರಡು ಕೋಣೆಯಾಚೆ ತನ್ನದೇ ಕಾರ್ಯಕ್ರಮಕ್ಕೆ ಕೂತಿದ್ದ ಒಂಬತ್ತನೇ ನಂಬರಿನವನ ಕಿವಿಗೂ ಇದು ಬಿದ್ದಿತ್ತು. ಬಾಗಿಲು ತೆರೆಯಿತು. ಅವನು ಗೋಡೆ ಹಿಡಿದುಕೊಂಡು ಬಂದು ಉರುಳಿದ್ದ ಕುರ್ಚಿಯನ್ನು ಎತ್ತಿ ಕೂತ. ಗಾಜಿನಾಚೆಯಿಂದ ಇಸ್ತ್ರಿ ಸಾಹೇಬ ಎರಡೂ ಕೈ ಅಲ್ಲಾಡಿಸಿದ. ತಾರೆಯ ದನಿಯನ್ನು ನಡುವೆ ಕತ್ತರಿಸುವ ಧೈರ್ಯ ಮಾತ್ರ ಅವನ ಬೆರಳಿಗೆ ಬರಲಿಲ್ಲ.

"ಹೇಗಿದ್ದೀಯಾ ಮಗಾ?" ಎಂದಳು ಸೋಪಕ್ಕ.

ಅವನು ಮೈಕನ್ನು ನೋಡಿದ, ಅವಳನ್ನು ನೋಡಿದ. "ಒಂದು ತಿಂಗಳಿಂದ ಇದನ್ನ ಯಾರೂ ಕೇಳೇ ಇಲ್ಲ ಅಕ್ಕಾ," ಎಂದ. "ಮಾರಾಟ ಆಗೋವರೆಗೆ ತಡ್ಕೋ ಅಂದ್ರು. ಮಂಡಿ ಹೋಗಿದೆ, ಮೆಟ್ಟಿಲು ಇಳಿಯೋಕೂ ಆಗ್ತಿಲ್ಲ."

"ಹಾಗಾದ್ರೆ ಏಳು, ಡಾಕ್ಟರ ಹತ್ರ ಹೋಗೋಣ. ಇಲ್ಲಿ ಕೂತು ಏನು ಮಾಡ್ತೀಯಾ? ಕುರ್ಚಿ ತಿರುಗಿಸ್ತೀಯಾ?"

ಲಿಫ್ಟಿನ ಬಳಿ ಹೋಗುವಷ್ಟರಲ್ಲಿ ಮೂವರ ಗುರುತಿನ ಚೀಟಿಯೂ ಸತ್ತಿತ್ತು. ಚೀಟಿಯಿಲ್ಲದೆ ಲಿಫ್ಟು ಅಲುಗುವುದಿಲ್ಲ. ಇಂಥ ಕೆಲಸಕ್ಕೆ ಕಂಪನಿಯ ಕೈ ಎಷ್ಟು ಚುರುಕು ನೋಡಿ! ಆರು ಮಹಡಿ ಮೆಟ್ಟಿಲು. ಸೋಪಕ್ಕ ಕೊಳೆ ಬಟ್ಟೆಯ ಚೀಲವನ್ನು ನೆಲಕ್ಕೆ ಹಾಕಿ, ಕೂರು ಎಂದಳು. ತಾರೆ ಕೂತ. ಅತ್ತೆ ಮುಂದೆ, ಸೊಸೆ ಹಿಂದೆ. ಮೆಟ್ಟಿಲಿಗೊಂದು ಧೊಪ್ಪ್, ಧೊಪ್ಪಿಗೊಂದು ನಗು. ಐದನೇ ಮಹಡಿಯಲ್ಲಿ ಹುಡುಗಿಯ ಫೋನು ಟಿಂಗೆಂದಿತು: ಕಾರ್ಯಕ್ರಮ ತೆಗೆದುಹಾಕಿದ್ದಾರೆ. ಮೂರನೆಯದರಲ್ಲಿ ಮತ್ತೆ ಟಿಂಗ್: ಸೋಪಕ್ಕ ನಾಳೆಯಿಂದ ಮೈದಾನಕ್ಕೆ ಬರುವುದು ಬೇಡ. ಎರಡನೆಯದರಲ್ಲಿ ಇನ್ನೊಂದು: ಆಟಗಾರನ ಗಾಯ ತನಗೆ ಈಗಷ್ಟೇ ತಿಳಿಯಿತೆಂದು ಕ್ಲಬ್ಬಿನ ಹೇಳಿಕೆ. ಆ ಪಟ್ಟಿ ಸುತ್ತಿದ ಕೈ ಯಾರದು ಎಂದು ಕೇಳಲು ನಲವತ್ತೆಂಟು ಕಾರ್ಯಕ್ರಮಗಳಲ್ಲಿ ಒಂದಕ್ಕೂ ನಾಲಿಗೆಯಿರಲಿಲ್ಲ.

"ಇಪ್ಪತ್ತೆರಡು ವರ್ಷ ಅತ್ತೆ!" ಎಂದಳು ಹುಡುಗಿ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ಗೊತ್ತಾಗಲಿಲ್ಲ.

"ಆಮೇಲೆ ಲೆಕ್ಕ ಹಾಕೋಣ. ಮೊದಲು ಭಾರ ಹಿಡಿ, ಈ ತಾರೆ ಜಾಸ್ತಿ ತಿಂದಿದ್ದಾನೆ."

"ಬರೀ ಬೇಯಿಸಿದ ತರಕಾರಿ ಅಕ್ಕಾ," ಎಂದ ಅವನು ಚೀಲದ ಮೇಲಿಂದ, ಕಣ್ಣೀರು ಒರೆಸಿಕೊಂಡು ನಗುತ್ತ.

ಆಸ್ಪತ್ರೆಯ ಕಿಟಕಿಯಲ್ಲಿ ಗುಮಾಸ್ತೆ ತಲೆಯೆತ್ತದೆ ಫಾರಂ ತುಂಬುತ್ತಿದ್ದಳು. "ಜೊತೆಗೆ ಬಂದವರು ಯಾರು? ರೋಗಿಗೆ ಏನಾಗಬೇಕು? ತಾಯಿ, ಅಕ್ಕ, ಹೆಂಡತಿ?"

"ಬಟ್ಟೆ ಒಗೆಯೋಳು," ಎಂದಳು ಸೋಪಕ್ಕ.

"ಆ ಕಾಲಂ ಇಲ್ಲಮ್ಮಾ."

"ಪಕ್ಕದಲ್ಲಿ ಜಾಗ ಇದೆಯಲ್ಲ, ಗೀಟು ಹಾಕ್ಕೊಂಡು ಬರಿ," ಎಂದು ಸೋಪಕ್ಕ ಕಿಟಕಿಯೊಳಗೆ ಕೈ ತೂರಿಸಿ, ಎಲ್ಲಿ ಬರೆಯಬೇಕೆಂದು ಬೆರಳಿಟ್ಟು ತೋರಿಸಿದಳು.